ಒಂದೇ ಆರು ಗಾಲಿ ಕಾರು, ಮೂರು ಸಲ ಕಟ್ಟಿದೆ: ಕಾಗದ, ಪ್ಲಾಸ್ಟಿಕ್, ತ್ರೀಡಿ ಪ್ರಿಂಟ್

ನಮ್ಮ ಮನೆಯಲ್ಲಿ ಟಿವಿ ಪಕ್ಕದ ಗೂಡಿನಲ್ಲಿ ಒಂದೇ ಕಾರು ಮೂರು ಸಲ ನಿಂತಿದೆ. ಮೂರೂ ನೀಲಿ. ಮೂರಕ್ಕೂ ಆರಾರು ಗಾಲಿ. ಎದುರು ಮನೆ ಕಾಕಾ ಕನ್ನಡಕ ಏರಿಸಿಕೊಂಡು ನೋಡಿ, "ಏನ್ರಿ ಇದು? ಲಾರಿಗಿ ಆರು ಗಾಲಿ ಇರ್ತಾವ, ಕಾರಿಗಿ ಯಾಕ?" ಅಂದರು.

ಕೇಳಬೇಕಾದ ಪ್ರಶ್ನೆಯೇ. ಇದು ಟಿರೆಲ್ ಪಿ34, 1976ರ ಫಾರ್ಮುಲಾ ಒನ್ ಕಾರು. ಡೆರೆಕ್ ಗಾರ್ಡ್ನರ್ ಎಂಬ ಎಂಜಿನಿಯರ್ ತಲೆಯಿಂದ ಬಂದದ್ದು. ಓಟದ ಕಾರಿನ ಮುಂದಿನ ದೊಡ್ಡ ಗಾಲಿಗಳು ಗಾಳಿಗೆ ಅಡ್ಡ ನಿಲ್ಲುತ್ತವೆ. ಅವನ್ನು 10 ಇಂಚಿನ ಪುಟಾಣಿ ಗಾಲಿ ಮಾಡಿ ಮುಂದಿನ ರೆಕ್ಕೆಯ ಮರೆಗೆ ಸರಿಸಿದರು. ಸಣ್ಣ ಗಾಲಿಗೆ ರಸ್ತೆಯ ಹಿಡಿತ ಸಾಲುವುದಿಲ್ಲ ಅಂತ ಎರಡರ ಜಾಗದಲ್ಲಿ ನಾಲ್ಕು ಹಾಕಿದರು. ತಮಾಷೆ ಅನಿಸಿದರೂ ಕಾರು ಓಡಿತು. 1976ರ ಜೂನ್‌ನಲ್ಲಿ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಜೋಡಿ ಶೆಕ್ಟರ್ ಮೊದಲು ಬಂದ, ಜೊತೆಗಾರ ಪ್ಯಾಟ್ರಿಕ್ ಡೆಪಾಯೆ ಎರಡನೆಯವನಾದ. ಆರು ಗಾಲಿಯ ಕಾರು ಫಾರ್ಮುಲಾ ಒನ್ ಗೆದ್ದದ್ದು ಅದೊಂದೇ ಸಲ. 1977 ಮುಗಿಯುವಷ್ಟರಲ್ಲಿ ಟಿರೆಲ್‌ನವರು ಮತ್ತೆ ನಾಲ್ಕು ಗಾಲಿಗೆ ವಾಪಸ್.

ಇಷ್ಟು ಹೇಳಿದ ಮೇಲೆ ಕಾಕಾ ಇನ್ನೊಂದು ಕೇಳಿದರು, "ಅದಕ್ಕ ಮೂರು ಯಾಕ ಮಾಡೀರಿ?" ಅದಕ್ಕೇ ಈ ಬರಹ.

ಮಾಡೆಲ್ ಕಟ್ಟುವ ಬಗ್ಗೆ ಓದಲು ಸಿಗುವ ಸಲಹೆಗಳು ಹೆಚ್ಚಾಗಿ ತಂಪು ಊರಿನವರದ್ದು. ಅವರ ಬೀದಿ ಕೊನೆಯಲ್ಲಿ ಹಾಬಿ ಅಂಗಡಿ ಇರುತ್ತದೆ. ನಾನಿರುವುದು ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ 42 ಡಿಗ್ರಿ, ಮಧ್ಯಾಹ್ನ ಧೂಳು, ಮನೆಯಲ್ಲಿ ನೀರಿನ ಕೂಲರ್. ಇಲ್ಲಿ ಯಾವ ದಾರಿ ಹೊಂದುತ್ತದೆ ಅಂತ ಒಂದೇ ಕಾರನ್ನು, ಒಂದೇ ಅಳತೆಯಲ್ಲಿ, ಅಂದರೆ 1:20ರಲ್ಲಿ (ನಿಜವಾದ ಕಾರಿನ ಇಪ್ಪತ್ತನೇ ಒಂದು ಪಾಲು), ಮೂರು ಬಗೆಯಲ್ಲಿ ಕಟ್ಟಿ ನೋಡಿದೆ. ಈ ಅಳತೆಗೆ ಕಾರು ಸುಮಾರು ಒಂದು ಗೇಣು ಉದ್ದ. ಆ 10 ಇಂಚಿನ ರಿಮ್ಮು 12.7 ಮಿಲಿಮೀಟರಿಗೆ ಇಳಿಯುತ್ತದೆ. ಅಂಗಿ ಗುಂಡಿಯಷ್ಟು.

ಮೊದಲು ಕಾಗದ. ಪುಣ್ಯಾತ್ಮರೊಬ್ಬರು ಬಿಡಿಸಿ ಪುಕ್ಕಟೆ ಹಂಚಿದ ನಕ್ಷೆ ಸಿಕ್ಕಿತ್ತು. 200 ಜಿಎಸ್‌ಎಂನ ದಪ್ಪ ಹಾಳೆ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದರೆ, "ಹಾಳಿ ಭಾಳ ದಪ್ಪ ಅದ ಸರ, ಮಷೀನ್ ನುಂಗಂಗಿಲ್ಲ" ಅಂದ ಹುಡುಗ. ಎರಡನೇ ಅಂಗಡಿಯ ಮಷೀನು ನುಂಗಿತು. ಅದು ಲೇಸರ್ ಪ್ರಿಂಟರ್. ಮಡಿಸಿದಲ್ಲೆಲ್ಲ ನೀಲಿ ಬಣ್ಣ ಸಿಡಿದು ಬಿಳಿ ಗೆರೆ ಎದ್ದಿತು. ಇಂಕ್‌ಜೆಟ್‌ನಲ್ಲಿ ತೆಗೆಸಿದರೆ ಗೆರೆ ಏಳುವುದಿಲ್ಲ, ಆದರೆ ಫೆವಿಕಾಲ್ ತಾಗಿದಲ್ಲಿ ಬಣ್ಣ ಹರಡುತ್ತದೆ. ನಾನು ಇಂಕ್‌ಜೆಟ್‌ಗೇ ಬಂದೆ. ಪ್ರಿಂಟ್ ಮೇಲೆ ಮೊದಲೇ ವಾರ್ನಿಶ್ ಸ್ಪ್ರೇ ತೆಳ್ಳಗೆ ಹೊಡೆದು ಒಂದು ರಾತ್ರಿ ಬಿಟ್ಟೆ. ಆಮೇಲೆ ತೊಂದರೆ ಇಲ್ಲ.

ಕಾಗದದ ಕೆಲಸದಲ್ಲಿ ಗುಟ್ಟು ಅಂತ ಇದ್ದರೆ ಎರಡು. ಮಡಿಸುವ ಮುಂಚೆ ಖಾಲಿ ರೀಫಿಲ್‌ನಿಂದ ಸ್ಕೇಲ್ ಹಿಡಿದು ಗೆರೆ ಒತ್ತಬೇಕು. ಕತ್ತರಿಸಿದ ಅಂಚಿನ ಬಿಳಿ ಕಾಣದ ಹಾಗೆ ಅದೇ ಬಣ್ಣದ ಸ್ಕೆಚ್ ಪೆನ್ ಎಳೆಯಬೇಕು. ಎರಡನೆಯದನ್ನು ಮಾಡದಿದ್ದರೆ ಕಾರು ಎಷ್ಟು ಚೆನ್ನಾಗಿದ್ದರೂ ಮಿಠಾಯಿ ಡಬ್ಬಿ ಥರ ಕಾಣುತ್ತದೆ. ಫೆವಿಕಾಲ್ ಹಲ್ಲುಕಡ್ಡಿ ತುದಿಯಲ್ಲಿ ಎಷ್ಟು ಬರುತ್ತದೋ ಅಷ್ಟೇ. ನಮ್ಮ ಒಣ ಹವೆಗೆ ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಕಲಬುರಗಿಯ ಬಿಸಿಲಿಗೆ ಕೈ ಮುಗಿದೆ.

ಸೋತದ್ದು ಗಾಲಿಯಲ್ಲಿ. ದೊಡ್ಡ ಹಿಂದಿನ ಗಾಲಿಗೆ ಕಾಗದದ ಪಟ್ಟಿ ಸುತ್ತಿ ಸುತ್ತಿ ದುಂಡು ಮಾಡಬಹುದು. ಮುಂದಿನ ನಾಲ್ಕು ಗುಂಡಿಯಷ್ಟಿವೆ, ನಾಲ್ಕೂ ಒಂದೇ ಅಳತೆ ಬರಬೇಕು. ನನ್ನವು ನಾಲ್ಕು ಜನ ಅಣ್ಣತಮ್ಮಂದಿರ ಹಾಗೆ ಬಂದವು, ಹೋಲಿಕೆ ಇದೆ, ಒಂದೇ ಅಲ್ಲ. ಒಂದು ಗಾಲಿ ಯಾವಾಗಲೂ ನೆಲ ಬಿಟ್ಟು ಮೇಲೆ.

ಖರ್ಚು 200 ರೂಪಾಯಿ ದಾಟಲಿಲ್ಲ. ಮೂರು ವಾರ, ರಾತ್ರಿ ಊಟ ಆದ ಮೇಲೆ ಒಂದೊಂದು ತಾಸು.

ಎರಡನೆಯದು ಪ್ಲಾಸ್ಟಿಕ್ ಕಿಟ್ಟು, ಅಂದರೆ ಡಬ್ಬಿಯಲ್ಲಿ ಬಿಡಿ ತುಂಡುಗಳಾಗಿ ಬರುವ, ನಾವೇ ಜೋಡಿಸುವ ಕಾರು. ಟಾಮಿಯಾದ 1:20 ಕಿಟ್ಟು, 1976ರ ಜಪಾನ್ ರೇಸಿನ ಕಾರು. ಈ ಕಂಪನಿ ಜಪಾನಿನ ಶಿಜುಒಕಾ ಊರಿನದು, 1967ರಿಂದಲೇ ಫಾರ್ಮುಲಾ ಒನ್ ಕಾರುಗಳ ದೊಡ್ಡ ಕಿಟ್ಟು ಮಾಡುತ್ತಿದೆ. ತರಿಸಲು ಸಾಗಣೆ ಸೇರಿ ನನಗೆ 4,000 ದಾಟಿತು. ಬಣ್ಣ, ಅಂಟು, ಕಟರ್ ಬೇರೆ. ಮನೆಯಲ್ಲಿ ಪೂರ್ತಿ ಲೆಕ್ಕ ಹೇಳಿಲ್ಲ, ನೀವೂ ಹೇಳಬೇಡಿ.

ಡಬ್ಬಿ ತೆರೆದಾಗಲೇ ಗೊತ್ತಾಗುತ್ತದೆ ದುಡ್ಡು ಎಲ್ಲಿ ಹೋಯಿತು ಅಂತ. ಅಂಟು ಹಚ್ಚದೆ ತುಂಡಿಗೆ ತುಂಡು ಜೋಡಿಸಿ ನೋಡಿದರೆ ಕೀಲಿ ಬೀಗಕ್ಕೆ ಕೂತ ಹಾಗೆ ಕೂರುತ್ತದೆ. ಹಿಂದೆ ಹೊರಗೇ ಕಾಣುವ ಕಾಸ್ವರ್ತ್ ಡಿಎಫ್‌ವಿ ಎಂಜಿನ್, 3 ಲೀಟರಿನ ಎಂಟು ಸಿಲಿಂಡರ್ ವಿ8, ಅದೊಂದೇ ಒಂದು ಪುಟ್ಟ ಮಾಡೆಲ್. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಸೈಲೆನ್ಸರ್ ಪೈಪು, ನಾಲ್ಕು ನಾಲ್ಕು ಸೇರಿ ಒಂದಾಗುತ್ತವೆ. ಸ್ಪಾರ್ಕ್ ಪ್ಲಗ್ಗಿನ ವೈರು ಕಿಟ್ಟಿನಲ್ಲಿ ಇರಲಿಲ್ಲ. ಕೆಟ್ಟ ಇಯರ್‌ಫೋನ್ ಬಿಚ್ಚಿ ಒಳಗಿನ ಕೂದಲಿನಂಥ ತಂತಿ ಹಾಕಿದೆ. ತುಂಡು ಕತ್ತರಿಸಲು ದುಬಾರಿ ನಿಪ್ಪರ್ ಬೇಡ, ಮೊಬೈಲ್ ರಿಪೇರಿಯವರು ಬಳಸುವ ಚಪ್ಪಟೆ ಬಾಯಿಯ ಸಣ್ಣ ಕಟರ್ ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆ ಕಡೆ ಸಿಗುತ್ತದೆ. ಉಜ್ಜಲು ಮನೆಯ ನೆಲವೇ ಸಾಕು. ನಮ್ಮದು ಶಹಾಬಾದ್ ಫರ್ಸಿ, ಅಂದರೆ ಹಾಸುಗಲ್ಲು. ಪಾಲಿಶ್ ಆದ ಒಂದು ಫರ್ಸಿ ತುಂಡಿನ ಮೇಲೆ ವಾಟರ್ ಪೇಪರ್ ಒದ್ದೆ ಮಾಡಿ ಅಂಟಿಸಿದರೆ ಇದಕ್ಕಿಂತ ಸಮ ಹಲಗೆ ಎಲ್ಲೂ ಸಿಗಲ್ಲ.

ಸಮಸ್ಯೆ ಎಲ್ಲ ಬಣ್ಣದಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಮೊದಲ ಪ್ರಯತ್ನ, ಗಾಡಿಗಳಿಗೆ ಹೊಡೆಯುವ ನೀಲಿ ಸ್ಪ್ರೇ ಡಬ್ಬಿ. ನೇರ ಕಾರಿಗೆ ಹೊಡೆಯದೆ ಬಿಳಿ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡಿದ್ದು ಅದೃಷ್ಟ. ಆ ಗಟ್ಟಿ ಚಮಚ ಬಹುತೇಕ ಕಿಟ್ಟಿನ ಪ್ಲಾಸ್ಟಿಕ್ಕಿನ ಜಾತಿಯದೇ, ಪಾಲಿಸ್ಟೈರೀನ್. ಹತ್ತು ನಿಮಿಷಕ್ಕೆ ಚಮಚದ ಮೈ ಬೇಸಿಗೆಯ ಎರೆ ಹೊಲದ ಹಾಗೆ ಬಿರಿಯಿತು. ಡಬ್ಬಿಯಲ್ಲಿದ್ದ ಥಿನ್ನರ್ ಕಬ್ಬಿಣದ ತಗಡಿಗೆ ಸರಿ, ಬರೀ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಕೆಳಗೆ ಪ್ರೈಮರ್ ಇದ್ದರೆ, ತೆಳ್ಳಗೆ ಹೊಡೆದರೆ ತಾಳುತ್ತದೆ. ನನಗೆ ಧೈರ್ಯ ಸಾಲಲಿಲ್ಲ, ಮಾಡೆಲ್‌ಗೆಂದೇ ಬರುವ ಲ್ಯಾಕರ್ ಬಣ್ಣ ತರಿಸಿ, ಸಣ್ಣ ಏರ್‌ಬ್ರಶ್‌ಗೆ, ಅಂದರೆ ಗಾಳಿಯಿಂದ ಬಣ್ಣ ಚಿಮ್ಮಿಸುವ ಪೆನ್ನಿನಂಥ ಉಪಕರಣಕ್ಕೆ, ಹಾಕಿದೆ.

ಎರಡನೇ ಪ್ರಯತ್ನ ಮಧ್ಯಾಹ್ನ ಮಾಳಿಗೆ ಮೇಲೆ. ಬಣ್ಣ ನಳಿಗೆಯಿಂದ ಹೊರಟು ಕಾರಿಗೆ ತಲುಪುವಷ್ಟರಲ್ಲೇ ಗಾಳಿಯಲ್ಲಿ ಒಣಗಿತು. ಮುಟ್ಟಿದರೆ ರವೆ ಮುಟ್ಟಿದ ಹಾಗೆ. ಉಜ್ಜಿ ತೆಗೆದೆ.

ಮೂರನೆಯದು ಜಾಣತನದ ತಪ್ಪು. ಬಿಸಿಲು ಬೇಡ ಅಂತ ಕೋಣೆಗೆ ಬಂದು ಕೂಲರ್ ಹಾಕಿದೆ. ಬಣ್ಣ ಕನ್ನಡಿ ಥರ ಹರಿಯಿತು, ಖುಷಿಯಾಯಿತು. ಐದು ನಿಮಿಷಕ್ಕೆ ನೀಲಿಯ ಮೇಲೆ ಮಂಜು ಬಿದ್ದ ಹಾಗೆ ಬಿಳಿ ಮಬ್ಬು. ಕೂಲರ್ ಕೊಡುವುದು ತಂಪು ಅಷ್ಟೇ ಅಲ್ಲ, ತೇವ. ಲ್ಯಾಕರ್‌ನ ಥಿನ್ನರ್ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿಯೇ ಕೂರುತ್ತದೆ. ಒಣ ಹವೆಯ ಊರಿನಲ್ಲಿ ಕೂತು ತೇವದಿಂದ ಬಣ್ಣ ಕೆಡಿಸಿಕೊಂಡವನು ನಾನೊಬ್ಬನೇ ಇರಬೇಕು. ಕೊನೆಗೆ ಬೆಳಗ್ಗೆ ಆರಕ್ಕೆ, ಕೂಲರ್ ಫ್ಯಾನ್ ಎರಡೂ ಬಂದ್ ಮಾಡಿ, ಬಣ್ಣಕ್ಕೆ ನಿಧಾನ ಒಣಗುವ ಥಿನ್ನರ್ ಸ್ವಲ್ಪ ಜಾಸ್ತಿ ಸೇರಿಸಿ, ಬಾಯಿಗೆ ಮಾಸ್ಕ್ ಹಾಕಿ, ಕಿಟಕಿ ತೆರೆದು ಹೊಡೆದೆ. ಬಂತು. ಹೊಡೆದ ತಕ್ಷಣ ಮೇಲೆ ಪ್ಲಾಸ್ಟಿಕ್ ಡಬ್ಬಿ ಮುಚ್ಚಿಟ್ಟೆ, ಇಲ್ಲದಿದ್ದರೆ ಕಲಬುರಗಿಯ ಧೂಳು ಸುಮ್ನೆ ಬಿಡುವುದಿಲ್ಲ.

ಡೆಕಾಲ್, ಅಂದರೆ ಮೈ ಮೇಲೆ ಅಂಟಿಸುವ ತೆಳ್ಳನೆ ಅಕ್ಷರ ಚಿತ್ರಗಳ ಬಗ್ಗೆ ಒಂದು ಮಾತು. ಹಳೇ ರೇಸ್ ಕಾರುಗಳ ಕಿಟ್ಟು ಕೊಂಡವರಿಗೆ ಒಂದು ಬೇಜಾರು ಇದ್ದೇ ಇರುತ್ತದೆ. ಆ ಕಾಲದ ಎಷ್ಟೋ ಕಾರಿನ ಮೇಲೆ ಸಿಗರೇಟು ಜಾಹೀರಾತು ಇತ್ತು, ಈಗಿನ ಡಬ್ಬಿಗಳಲ್ಲಿ ಅದು ಬರುವುದಿಲ್ಲ. 1988ರಲ್ಲಿ 16ರಲ್ಲಿ 15 ರೇಸ್ ಗೆದ್ದ ಮೆಕ್‌ಲಾರೆನ್ ಎಂಪಿ4/4 ಕಟ್ಟಿದವರು ಕೆಂಪು ಬಿಳಿ ಮೈ ಮೇಲೆ ಹೆಸರಿಲ್ಲದೆ ಬಿಡಬೇಕು, ಇಲ್ಲ ಬೇರೆಯವರ ಡೆಕಾಲ್ ಹುಡುಕಬೇಕು. ಟಿರೆಲ್‌ಗೆ ಆ ತಲೆನೋವಿಲ್ಲ, ಅದರ ಮೈ ಮೇಲಿರುವುದು ಎಲ್ಫ್ ಎಂಬ ಎಣ್ಣೆ ಕಂಪನಿ ಹೆಸರು. ಇನ್ನೂ ಚೆಂದದ್ದು, ಜಪಾನ್ ರೇಸಿಗೆ ಚಾಲಕರ ಹೆಸರನ್ನು ಜಪಾನಿ ಲಿಪಿಯಲ್ಲಿ ಬರೆಸಿದ್ದರು. ಆ ಅಕ್ಷರಗಳೂ ಡೆಕಾಲ್‌ನಲ್ಲಿವೆ. ಇದು ನೆನಪಿರಲಿ, ಮುಂದೆ ಬರುತ್ತದೆ.

ಮೂರನೆಯದು ತ್ರೀಡಿ ಪ್ರಿಂಟ್. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಮನೆಯಲ್ಲೇ ಮಷೀನ್ ಇಟ್ಟಿದ್ದಾನೆ. "ಅಣ್ಣಾ, ಫೈಲ್ ಕೊಡ್ರಿ, ರಾತ್ರಿ ಹಚ್ಚಿ ಮಲಗ್ತೀನಿ, ಮುಂಜಾನಿ ಕಾರು ಬರ್ತದ" ಅಂದ. ಮುಂಜಾನೆ ಬಂದದ್ದು ಕಾರೇ, ಆದರೆ ಮೈ ತುಂಬ ಗೆರೆ. ಅವನ ಮಷೀನು ಪಿಎಲ್‌ಎ ಎಂಬ ಪ್ಲಾಸ್ಟಿಕ್ ದಾರವನ್ನು ಕರಗಿಸಿ 0.2 ಮಿಲಿಮೀಟರಿನ ಪದರ ಪದರ ಹಾಕುತ್ತದೆ. ಕಣ್ಣಿಗೆ ತೆಳ್ಳಗೆ. 1:20ರಲ್ಲಿ ಲೆಕ್ಕ ಹಾಕಿದರೆ ನಿಜವಾದ ಕಾರಿನ ಮೇಲೆ 4 ಮಿಲಿಮೀಟರಿನ ಮೆಟ್ಟಿಲು. ಪುಟ್ಟಿ ಹಚ್ಚು, ಉಜ್ಜು, ಪ್ರೈಮರ್ ಹೊಡೆ, ಮತ್ತೆ ಉಜ್ಜು. ಬೀದರಿನಲ್ಲಿ ಬಿದರಿ ಕೆಲಸದವರು ಒಂದು ಹೂಜಿಯನ್ನು ಎಷ್ಟು ಸಲ ಉಜ್ಜುತ್ತಾರೆ ಅಂತ ನೋಡಿದ್ದೆ, ಅವರ ತಾಳ್ಮೆಯ ಕಾಲು ಭಾಗ ನನಗಿಲ್ಲ ಅಂತ ಅವತ್ತು ಗೊತ್ತಾಯಿತು.

ಉಜ್ಜಿ ಮುಗಿದ ಮೈಯನ್ನು ಬಣ್ಣದವರ ಹತ್ತಿರ ನೀಲಿ ಹೊಂದಿಸಲು ಸ್ಕೂಟಿ ಡಿಕ್ಕಿಯಲ್ಲಿಟ್ಟುಕೊಂಡು ಹೋದೆ. ಜಗತ್ ಸರ್ಕಲ್ ಹತ್ತಿರ ಗೆಳೆಯ ಸಿಕ್ಕ, ಚಹಾ ಆಯಿತು, ಮಾತಾಯಿತು. ಸ್ಕೂಟಿ ಬಿಸಿಲಲ್ಲಿ. ಪಿಎಲ್‌ಎ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ, ಮೇ ತಿಂಗಳ ಡಿಕ್ಕಿಗೆ ಅದು ಏನೂ ಅಲ್ಲ. ತೆರೆದರೆ ಕಾರಿನ ಮೂಗು ಬಾಗಿ ನೆಲಕ್ಕೆ ನಮಸ್ಕಾರ ಮಾಡುತ್ತಿತ್ತು. ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಲು ನೋಡಿದೆ, ಅರ್ಧ ಬಂತು.

ಗಾಲಿಗಳನ್ನು ಮಾತ್ರ ರೆಸಿನ್ ಪ್ರಿಂಟರಿನಲ್ಲಿ (ದಾರದ ಬದಲು ರೆಸಿನ್ ಎಂಬ ದ್ರವವನ್ನು ಬೆಳಕಿನಿಂದ ಗಟ್ಟಿ ಮಾಡುವ ಮಷೀನು) ಬೇರೆ ತೆಗೆಸಿದೆ. ಅದರ ಪದರ 0.05 ಮಿಲಿಮೀಟರ್. ಅಬ್ಬಾ, ಆ ಗಾಲಿಗಳು! ಗುಂಡಿಯಷ್ಟು ರಿಮ್ಮಿನಲ್ಲಿ ಒಂದೊಂದು ನಟ್ಟೂ ಎಣಿಸಬಹುದು. ನಾಲ್ಕೂ ಒಂದೇ ಅಳತೆ. ರೆಸಿನ್ ಹಸಿ ಇರುವಾಗ ಬರಿಗೈಯಲ್ಲಿ ಮುಟ್ಟಬಾರದು, ತೊಳೆದು ಯುವಿ ಬೆಳಕಲ್ಲಿ ಗಟ್ಟಿ ಮಾಡಬೇಕು. ಅದನ್ನೆಲ್ಲ ಹುಡುಗನೇ ಕೈಗವಸು ಹಾಕಿ ಮಾಡಿಕೊಟ್ಟ.

ಮೂರನ್ನೂ ಪಕ್ಕ ಪಕ್ಕ ಇಟ್ಟು ತೂಗಲು ನನಗೆ ಒಂದೇ ಜಾಗ ಸಾಕು. ಪಿ34ರ ಕಾಕ್‌ಪಿಟ್ ಪಕ್ಕದಲ್ಲಿ ಒಂದು ಪುಟ್ಟ ಪಾರದರ್ಶಕ ಕಿಟಕಿ ಇದೆ. ಚಾಲಕನಿಗೆ ಆ ಸಣ್ಣ ಮುಂದಿನ ಗಾಲಿಗಳು ಕಾಣಲಿ ಅಂತ ಇಟ್ಟದ್ದು. ಪ್ಲಾಸ್ಟಿಕ್ ಕಾರಿನಲ್ಲಿ ಪಾರದರ್ಶಕ ತುಂಡನ್ನು ಸೂಪರ್ ಗ್ಲೂನಲ್ಲಿ ಕೂರಿಸಿ ಬಿಳಿ ಮಬ್ಬು ಹಿಡಿಸಿದೆ. ಅದಕ್ಕೆ ಫೆವಿಕಾಲ್ ಹಾಕಬೇಕಿತ್ತು. ಪ್ರಿಂಟ್ ಕಾರಿನಲ್ಲಿ ಅದು ಬರೀ ತೂತು, ಅಂಚೂ ದಪ್ಪ. ಕಾಗದದ ಕಾರಿಗೆ ಗುಳಿಗೆ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಕತ್ತರಿಸಿ ಒಳಗಿನಿಂದ ಅಂಟಿಸಿದೆ. ಮೂರರಲ್ಲಿ ಕಣ್ಣು ಹೋಗುವುದು ಅದಕ್ಕೇ. ಇಣುಕಿದರೆ ಗಾಲಿ ಕಾಣುತ್ತದೆ.

ದೂರದಿಂದ ನೋಡಿದರೆ ಪ್ಲಾಸ್ಟಿಕ್ಕೇ ರಾಜ, ವಾದ ಬೇಡ. ಆದರೆ ಮೊದಲ ಸಲ ಕಟ್ಟುವವರಿಗೆ ನಾನು ಅದನ್ನು ಹೇಳುವುದಿಲ್ಲ. 4,000 ರೂಪಾಯಿಯ ಮೈ ಮೇಲೆ ಬಣ್ಣ ಕಲಿಯುವುದು ಹೊಟ್ಟೆ ಉರಿಸುವ ಕೆಲಸ. ಕಾಗದದಲ್ಲಿ ತುಂಡು ಕೆಟ್ಟರೆ ಇನ್ನೊಂದು ಪ್ರಿಂಟ್, ಐದು ರೂಪಾಯಿ. ಕೈ ಕೂತ ಮೇಲೆ, ಮಳೆಗಾಲ ಮುಗಿದು ಬೇಸಿಗೆ ಶುರುವಾಗುವ ಮುಂಚಿನ ತಿಂಗಳುಗಳಲ್ಲಿ, ಪ್ಲಾಸ್ಟಿಕ್‌ಗೆ ಕೈ ಹಾಕಿ. ಇಡೀ ಕಾರನ್ನು ಪಿಎಲ್‌ಎಯಲ್ಲಿ ಪ್ರಿಂಟ್ ಮಾಡಿಸುವುದನ್ನು ನಾನಂತೂ ಮತ್ತೆ ಮಾಡಲ್ಲ. ಆ ಬಾಗಿದ ಮೂಗಿನ ಕಾರನ್ನು ಅಕ್ಕನ ಮಗ ಬಂದಾಗಲೆಲ್ಲ ಕೆಳಗಿಳಿಸಿ ಫರ್ಸಿ ಮೇಲೆ ಓಡಿಸುತ್ತಾನೆ, ಅದಕ್ಕೂ ಅದೇ ಇಷ್ಟ ಅನಿಸುತ್ತದೆ. ಅದರ ರೆಸಿನ್ ಗಾಲಿ ಕಿತ್ತು ಕಾಗದದ ಕಾರಿಗೆ ಹಾಕಿದ್ದೇನೆ. ಅವನದಕ್ಕೆ ಈಗ ಶರ್ಟಿನ ಗುಂಡಿಗಳೇ ಗಾಲಿ. ಕಾಗದದ್ದು ಈಗ ಆರೂ ಗಾಲಿ ನೆಲಕ್ಕೆ ಊರಿ ನಿಲ್ಲುತ್ತದೆ.

ಗಾಲಿ ಬದಲಿಸುವಾಗ ಇನ್ನೊಂದು ಮಾಡಿದೆ. ಜಪಾನಿನವರು ತಮ್ಮ ಲಿಪಿ ಹಾಕಿದರೆ ನಾವೇಕೆ ಬಿಡಬೇಕು ಅಂತ, ಕಾಗದದ ಕಾರಿನ ಮೇಲೆ ಚಾಲಕನ ಹೆಸರನ್ನು ಕನ್ನಡದಲ್ಲಿ ಸಣ್ಣಗೆ ಪ್ರಿಂಟ್ ಮಾಡಿ ಅಂಟಿಸಿದೆ: ಶೆಕ್ಟರ್.

ಕಾಕಾ ಮತ್ತೆ ಬಂದರು, ಕನ್ನಡಕ ಏರಿಸಿದರು, ಓದಿದರು.

"ಶೆಟ್ಟರ್ ಗಾಡಿ ಏನ್ರಿ ಇದು? ಮೊದಲೇ ಹೇಳಬಾರದೇನ್ರಿ, ನಮ್ಮವರೇ ಅದಾರ!"