ಫೋನ್ ಹ್ಯಾಂಗ್ ಆಗುತ್ತಿದೆಯೇ? ಬ್ಯಾಟರಿಗೆ ದುಡ್ಡು ಕೊಡುವ ಮುನ್ನ ಇದನ್ನು ಓದಿ

ವಿಜಯಪುರದಲ್ಲಿ ಮೊಬೈಲ್ ರಿಪೇರಿಗೆ ಹೊರಟವರಿಗೆ ಒಂದು ಮಾತು. ನಿಮ್ಮ ಫೋನ್ ನಿಧಾನವಾಗಿದೆ ಎಂದ ಕೂಡಲೇ ಅಂಗಡಿಯವರು ಅದನ್ನು ತೆರೆದೂ ನೋಡದೆ "ಬ್ಯಾಟರಿ ಹೋಗಿದೆ" ಎಂದರೆ, ಫೋನನ್ನು ಅವರ ಕೈಯಿಂದ ಮರಳಿ ತೆಗೆದುಕೊಳ್ಳಿ.

ತಿಕೋಟಾ ಕಡೆ ದ್ರಾಕ್ಷಿ ತೋಟ ಮಾಡುವ ನಮ್ಮ ಕಾಕಾ ಹಾಗೆ ಮಾಡಲಿಲ್ಲ. ಅವರದು ನಾಲ್ಕು ವರ್ಷ ಹಳೆಯದಾದ ಆಂಡ್ರಾಯ್ಡ್ ಫೋನ್. ಕರೆ ಬಂದರೆ ಹೆಸರು ಮೂಡುವಷ್ಟರಲ್ಲಿ ಕರೆಯೇ ನಿಂತುಹೋಗುತ್ತಿತ್ತು. ನಗರದ ಮಾರುಕಟ್ಟೆಯ ಒಂದು ಅಂಗಡಿಯಲ್ಲಿ ತೋರಿಸಿದಾಗ, "ಯಜಮಾನರೇ, ಬ್ಯಾಟರಿ ವೀಕ್ ಆದರೆ ಕಂಪನಿಯವರೇ ಫೋನನ್ನು ಸ್ಲೋ ಮಾಡುತ್ತಾರೆ, ಕೋರ್ಟಿನಲ್ಲೇ ಸಾಬೀತಾಗಿದೆ" ಎಂದರಂತೆ. 1,800 ರೂಪಾಯಿ ತೆಗೆದುಕೊಂಡು "ಒರಿಜಿನಲ್" ಬ್ಯಾಟರಿ ಹಾಕಿದರು. ಬಿಲ್ ಇಲ್ಲ, ಗ್ಯಾರಂಟಿ ಚೀಟಿ ಇಲ್ಲ, ಹಳೆಯ ಬ್ಯಾಟರಿಯನ್ನೂ ಮರಳಿಸಲಿಲ್ಲ.

ಅವರ ಮಾತಿನಲ್ಲಿ ಅರ್ಧ ನಿಜ ಇತ್ತು, ಅದಕ್ಕೇ ಅದು ಅಪಾಯಕಾರಿ. ಲಿಥಿಯಂ ಬ್ಯಾಟರಿಗೆ ವಯಸ್ಸಾದಂತೆ ಅದರ ಆಂತರಿಕ ರೋಧ, ಅಂದರೆ ವಿದ್ಯುತ್ ಹರಿವಿಗೆ ಒಳಗೇ ಇರುವ ತಡೆ, ಹೆಚ್ಚುತ್ತದೆ. ಕ್ಯಾಮೆರಾ ತೆರೆದಾಗಲೋ ಗೇಮ್ ಆಡುವಾಗಲೋ ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದರೆ ವೋಲ್ಟೇಜ್ ಕುಸಿದು, ಶೇ 30ರಷ್ಟು ಚಾರ್ಜ್ ಇದ್ದರೂ ಫೋನ್ ತಟ್ಟನೆ ಆರಿಹೋಗುತ್ತದೆ. ಐಫೋನ್ 6, 6ಎಸ್‌ಗಳಲ್ಲಿ ಇದನ್ನು ತಡೆಯಲು ಆಪಲ್ 2017ರ ಜನವರಿಯಲ್ಲಿ ಐಒಎಸ್ (ಐಫೋನ್ ನಡೆಸುವ ತಂತ್ರಾಂಶ) 10.2.1 ಅಪ್‌ಡೇಟ್ ಮೂಲಕ ಪ್ರೊಸೆಸರ್‌ನ ವೇಗಕ್ಕೆ ಕಡಿವಾಣ ಹಾಕಿತು. ಬಳಸುವವರಿಗೆ ಮಾತ್ರ ಸ್ಪಷ್ಟವಾಗಿ ಹೇಳಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಫೋನಿನ ವೇಗ ಅಳೆಯುವ ಗೀಕ್‌ಬೆಂಚ್ ಪರೀಕ್ಷೆಯ ಅಂಕಿಗಳಿಂದ ವಿಷಯ ಹೊರಬಿತ್ತು. ಆಪಲ್ ಕ್ಷಮೆ ಕೇಳಿ, ವಾರಂಟಿ ಮುಗಿದ ಫೋನ್‌ಗಳ ಬ್ಯಾಟರಿ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2018ರಲ್ಲಿ ಐಒಎಸ್ 11.3ರ ಜೊತೆ ಬ್ಯಾಟರಿಯ ಆರೋಗ್ಯ ತೋರಿಸುವ ಪುಟ ಬಂತು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು.

ಆದರೆ ಇದು ಐಫೋನ್‌ನ ಕಥೆ. ಸ್ಯಾಮ್‌ಸಂಗ್, ಮೊಟೊರೊಲಾ, ಎಲ್‌ಜಿ, ಎಚ್‌ಟಿಸಿ ಕಂಪನಿಗಳು ತಾವು ಹಾಗೆ ಮಾಡುವುದಿಲ್ಲವೆಂದು ಆಗಲೇ ಹೇಳಿದ್ದವು. ಕಾಕಾನ ಫೋನ್ ಐಫೋನ್ ಅಲ್ಲ; ಅದು ಒಮ್ಮೆಯೂ ತಾನಾಗಿ ಆರಿಹೋದದ್ದಿಲ್ಲ, ಚಾರ್ಜ್ ಕೂಡ ಸಂಜೆಯವರೆಗೆ ಬರುತ್ತಿತ್ತು. ಈ ಎರಡು ಪ್ರಶ್ನೆಗಳನ್ನು ಕೇಳಿದ್ದರೆ ಅಂಗಡಿಯವರಿಗೂ ಗೊತ್ತಾಗುತ್ತಿತ್ತು. ಬಹುಶಃ ಗೊತ್ತಿದ್ದೇ ಕೇಳಲಿಲ್ಲ.

ಹೊಸ ಬ್ಯಾಟರಿ ಹಾಕಿದ ಮೇಲೂ ಫೋನ್ ಹಾಗೆಯೇ ತೆವಳಿತು. ಧಾರವಾಡದಲ್ಲಿ ಓದುವ ಕಾಕಾನ ಮಗಳು ರಜೆಗೆ ಬಂದಾಗ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದು ನೋಡಿದಳು. 64 ಜಿಬಿಯಲ್ಲಿ ಉಸಿರಾಡಲೂ ಜಾಗವಿಲ್ಲ. ದಲಾಲರು ಕಳಿಸಿದ ಒಣದ್ರಾಕ್ಷಿಯ ವಿಡಿಯೊಗಳು, ಔಷಧ ಅಂಗಡಿಯವರ ಜಾಹೀರಾತುಗಳು, ಮೂರು ಗುಂಪುಗಳಿಂದ ಬಂದ ಅವೇ ಶುಭೋದಯಗಳು. ಫೋನಿನ ಮೆಮೊರಿ ಪೂರ್ತಿ ತುಂಬಿದರೆ ಹೊಸದೇನನ್ನಾದರೂ ಬರೆಯುವ ಮೊದಲು ಒಳಗಿರುವುದನ್ನು ಸರಿಸಿ, ಅಳಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ. ಪ್ರತಿ ಕೆಲಸವೂ ಅದಕ್ಕಾಗಿ ಕಾಯುತ್ತದೆ. ಅವಳು ವಾಟ್ಸ್‌ಆ್ಯಪ್ ವಿಡಿಯೊಗಳನ್ನು ಅಳಿಸಿ, ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ, ಫೋನನ್ನು ಒಮ್ಮೆ ಆರಿಸಿ ಹಚ್ಚಿದಳು. ಅಷ್ಟೇ. ಖರ್ಚು ಸೊನ್ನೆ.

ಇಲ್ಲಿಗೇ ಮುಗಿದಿದ್ದರೆ 1,800 ರೂಪಾಯಿ ಹೋಯಿತೆಂದು ಸುಮ್ಮನಾಗುತ್ತಿದ್ದೆವು. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಫೋನಿನ ಡಿಸ್‌ಪ್ಲೇ ಒಂದು ಅಂಚಿನಿಂದ ಮೇಲೇಳತೊಡಗಿತು. ಒಳಗೆ ಆ "ಒರಿಜಿನಲ್" ಬ್ಯಾಟರಿ ಪೂರಿಯಂತೆ ಉಬ್ಬಿತ್ತು. ಬೇರೆ ಅಂಗಡಿಯಲ್ಲಿ ಬಿಚ್ಚಿಸಿದಾಗ ಅದರ ಮೇಲೆ ತಯಾರಕರ ಹೆಸರಿಲ್ಲ, ತಯಾರಾದ ತಿಂಗಳಿಲ್ಲ, ಗುಣಮಟ್ಟ ಸೂಚಿಸುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿಲ್ಲ. 5000 ಎಂಎಎಚ್ ಎಂದು ಮಾತ್ರ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಡಿಸ್‌ಪ್ಲೇ ಬಿರುಕು ಬಿಟ್ಟಿದ್ದರಿಂದ ಅದನ್ನೂ ಬದಲಿಸಬೇಕಾಯಿತು. ಮೊದಲ ಅಂಗಡಿಯವರನ್ನು ಕೇಳಿದರೆ "ಬಿಸಿಲಿಗೆ ಹಾಗಾಗುತ್ತದೆ, ನಾವೇನು ಮಾಡೋಣ" ಎಂದರು. ಬಿಸಿಲು ಬ್ಯಾಟರಿಗೆ ಕೆಟ್ಟದ್ದು, ನಿಜ. ಆದರೆ ಅದೇ ಬಿಸಿಲಲ್ಲಿ ಹಳೆಯ ಬ್ಯಾಟರಿ ನಾಲ್ಕು ಬೇಸಿಗೆ ಕಳೆದಿತ್ತಲ್ಲ!

ಬಿಸಿಲಿನ ಮಾತು ಬಂತೆಂದು ಇದನ್ನೂ ಹೇಳುತ್ತೇನೆ. ಮಧ್ಯಾಹ್ನ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನ್ ನಿಧಾನವಾಗಿ, ರಾತ್ರಿ ಸರಿಹೋದರೆ ಅದು ಬ್ಯಾಟರಿಯ ದೋಷವಲ್ಲ. ಶಾಖ ಹೆಚ್ಚಾದಾಗ ಪ್ರೊಸೆಸರ್ ತನ್ನ ರಕ್ಷಣೆಗಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಮ್ಮ ಜಿಲ್ಲೆಯಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಇದಕ್ಕಾಗಿ ಯಾರೂ ದುಡ್ಡು ಕೊಡಬೇಡಿ.

ನಿಜವಾಗಿಯೂ ಬ್ಯಾಟರಿ ಬದಲಿಸಬೇಕಾದವರೂ ಇದ್ದಾರೆ. ಫೋನ್ ಇದ್ದಕ್ಕಿದ್ದಂತೆ ಆರಿದರೆ, ಚಾರ್ಜ್ ಶೇ 40ರಿಂದ ಒಮ್ಮೆಲೇ 10ಕ್ಕೆ ಇಳಿದರೆ, ಐಫೋನ್‌ನಲ್ಲಿ ಗರಿಷ್ಠ ಸಾಮರ್ಥ್ಯ ಶೇ 80ಕ್ಕಿಂತ ಕೆಳಗಿದ್ದರೆ ಬದಲಿಸಿ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ದರ ಕೇಳಿಯೇ ಬದಲಿಸಿ. ಹೊರಗೆ ಹಾಕಿಸಿದರೂ ಎದುರಿಗೇ ನಿಂತು, ಹೊಸ ಬ್ಯಾಟರಿಯ ಮೇಲಿನ ಬರಹದ ಫೋಟೊ ತೆಗೆದುಕೊಂಡು, ಬಿಲ್ ಪಡೆಯಿರಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್‌ಗೆ ಹಾಕಲೇಬೇಡಿ. ಬೆಂಕಿ ಹೊತ್ತಿಕೊಳ್ಳಬಹುದು.

ಕಾಕಾನ ಬಳಿ ಬಿಲ್ ಇರಲಿಲ್ಲ. ಹಣವನ್ನು ಯುಪಿಐ ಮೂಲಕ ಕೊಟ್ಟಿದ್ದರಿಂದ ಅದರ ದಾಖಲೆ ಉಳಿದಿತ್ತು. ಅದನ್ನೇ ಹಿಡಿದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಈಗ ಅಂಗಡಿಯವರು ಅರ್ಧ ಹಣ ಮರಳಿಸುತ್ತೇವೆ ಎನ್ನುತ್ತಿದ್ದಾರೆ. ಕಾಕಾ ಡಿಸ್‌ಪ್ಲೇಯ ಖರ್ಚನ್ನೂ ಸೇರಿಸಿ ಕೇಳಿದ್ದಾರೆ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎಂದು ಕುಳಿತಿದ್ದಾರೆ.