ಹಡಗಿನ ಭಯದ ಕಾದಂಬರಿ ಬೇಕಾದರೆ 'ದಿ ಟೆರರ್', ಅದೂ ಕಾಗದದ ಪ್ರತಿ

ಹಳೆಯ ಕಾಲದ ಹಡಗು, ದಡ ಸೇರದ ಪಯಣ, ಜೊತೆಗೆ ಒಳಗೇ ಬೆಳೆಯುವ ಭಯ. ಇಂಥ ಕತೆ ಕೇಳಿದವರಿಗೆ ನಾನು ಹೇಳುವುದು ಡ್ಯಾನ್ ಸಿಮನ್ಸ್ ಬರೆದ 'ದಿ ಟೆರರ್' (2007). ಅದರ ಜೊತೆಗೇ ಸ್ಟುವರ್ಟ್ ಟರ್ಟನ್ ಅವರ 'ದಿ ಡೆವಿಲ್ ಆ್ಯಂಡ್ ದ ಡಾರ್ಕ್ ವಾಟರ್' (2020) ಕೂಡ ಓದಿದೆ. ಟ್ರಾಲಿಂಗ್ ನಿಷೇಧ ಬಂದು ಕಾಸರಗೋಡಿನ ಬೋಟುಗಳು ದಡ ಸೇರಿದ್ದ ಮಳೆಗಾಲವದು.

ಟರ್ಟನ್ ಪುಸ್ತಕ ಕೊಂಡದ್ದು ಕರಿಮೆಣಸಿನ ಸೆಳೆತಕ್ಕೆ. 1634ರಲ್ಲಿ ಬಟಾವಿಯಾದಿಂದ (ಇಂದಿನ ಜಕಾರ್ತ) ಆಮ್‌ಸ್ಟರ್‌ಡಾಮಿಗೆ ಹೊರಟ ಡಚ್ಚರ ಹಡಗಿನ ಕತೆ ಅದು. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡದ್ದೂ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯೇ. ನಾವು ಅಡಿಕೆ ಮರಕ್ಕೆ ಹಬ್ಬಿಸುವ ಬಳ್ಳಿಯ ಕಾಳಿಗಾಗಿ ಅಷ್ಟು ದೂರ ಬಂದವರ ಹಡಗಿನೊಳಗೆ ಬದುಕು ಹೇಗಿತ್ತು ಅಂತ ನೋಡಬೇಕಿತ್ತು. ಶುರು ಜೋರಾಗಿದೆ. ಬಂದರಿನಲ್ಲಿ ಕುಷ್ಠರೋಗಿಯೊಬ್ಬ ಹಡಗಿಗೆ ಕೇಡು ನುಡಿಯುತ್ತಾನೆ, ಆಮೇಲೆ ನೋಡಿದರೆ ಅವನಿಗೆ ನಾಲಿಗೆಯೇ ಇಲ್ಲ. ಏಳು ಹಡಗುಗಳ ಸಾಲಿನಲ್ಲಿ ರಾತ್ರಿ ಎಂಟನೇ ದೀಪ ಕಾಣುತ್ತದೆ. ಆದರೆ ಜನರ ಮಾತು ಮಾತ್ರ ಇವತ್ತಿನದು. ಇತಿಹಾಸವನ್ನು ಬಗ್ಗಿಸಿದ್ದಕ್ಕೆ ಲೇಖಕರೇ ಕೊನೆಯಲ್ಲಿ ಕ್ಷಮೆ ಕೇಳಿದ್ದಾರೆ. ಪತ್ತೇದಾರಿ ಕತೆಯಾಗಿ ಚೆನ್ನಾಗಿದೆ, ನನ್ನ ತಂಗಿ ಕೆಳಗಿಡದೆ ಓದಿದಳು. ನನಗೆ ಭಯ ಹುಟ್ಟಲಿಲ್ಲ.

'ದಿ ಟೆರರ್'ನಲ್ಲಿ ಭಯ ನಿಜ ಸಂಗತಿಯಿಂದಲೇ ಬರುತ್ತದೆ. 1845ರ ಮೇ ತಿಂಗಳಲ್ಲಿ ಸರ್ ಜಾನ್ ಫ್ರಾಂಕ್ಲಿನ್ 'ಎರೆಬಸ್', 'ಟೆರರ್' ಎಂಬ ಎರಡು ಹಡಗುಗಳೊಂದಿಗೆ ಇಂಗ್ಲೆಂಡ್ ಬಿಟ್ಟರು. ಕೆನಡಾದ ಉತ್ತರಕ್ಕೆ ಹಾಯ್ದು ಪೆಸಿಫಿಕ್ ಸೇರುವ ದಾರಿ ಹುಡುಕಬೇಕಿತ್ತು. ಹಿಮ ಹಡಗುಗಳನ್ನು ಹಿಡಿದುಕೊಂಡಿತು. 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಸಿಮನ್ಸ್ ಇದಕ್ಕೆ ಹಿಮದ ಮೇಲೆ ತಿರುಗುವ ಒಂದು ಭೀಕರ ಪ್ರಾಣಿಯನ್ನು ಸೇರಿಸಿದ್ದಾರೆ. ಅದಕ್ಕಿಂತ ಜಾಸ್ತಿ ನನ್ನ ನಿದ್ದೆಗೆಡಿಸಿದ್ದು ಡಬ್ಬದ ಊಟ. ವರ್ಷಗಟ್ಟಲೆಗೆ ಅಂತ ತುಂಬಿಕೊಂಡ ಡಬ್ಬ ತೆರೆದರೆ ಒಳಗೆ ಕೊಳೆತದ್ದು! ಆ ಡಬ್ಬಗಳ ಬೆಸುಗೆ ವಿಷಕಾರಿ ಸೀಸದ್ದು. ಕೆನಡಾದ ಉತ್ತರದ ಬೀಚಿ ದ್ವೀಪದಲ್ಲಿ ಹೂತಿದ್ದ ಈ ತಂಡದ ನಾವಿಕರ ದೇಹಗಳನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ ಸೀಸ ಹೆಚ್ಚಾಗಿಯೇ ಕಂಡಿತ್ತು. ಕಾದಂಬರಿ ಬಂದ ಮೇಲೆ, 2014ರಲ್ಲಿ ಎರೆಬಸ್, 2016ರಲ್ಲಿ ಟೆರರ್ ಸಮುದ್ರದ ತಳದಲ್ಲಿ ಸಿಕ್ಕವು.

ಈಗ ತಲೆನೋವಿನ ವಿಷಯ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಮೊದಲು ಇ-ಬುಕ್ ತೆಗೆದುಕೊಂಡೆ. ಕತೆ 1847ರ ಅಕ್ಟೋಬರ್‌ನಲ್ಲಿ, ಹಿಮದಲ್ಲಿ ಸಿಕ್ಕಿಬಿದ್ದ ಹಡಗಿನ ಮೇಲೆ ಶುರುವಾಗುತ್ತದೆ. ಮುಂದಿನ ಅಧ್ಯಾಯಕ್ಕೆ ಹೋದರೆ 1845ರ ಲಂಡನ್. ಮೊದಲ ಅಧ್ಯಾಯದ ಹೊತ್ತಿಗೆ ಸತ್ತಿರುವ ಫ್ರಾಂಕ್ಲಿನ್ ಎರಡನೆಯದರಲ್ಲಿ ಬದುಕಿದ್ದಾರೆ. ಅಧ್ಯಾಯಗಳ ತಲೆಯಲ್ಲಿ ಒಂದು ಪಾತ್ರದ ಹೆಸರು, ಅಕ್ಷಾಂಶ, ರೇಖಾಂಶ, ತಿಂಗಳು ಇರುತ್ತವೆ. ಓದುವ ಭರದಲ್ಲಿ ಅದನ್ನು ಯಾರು ನೋಡುತ್ತಾರೆ ಅಲ್ವಾ? ನೋಡದಿದ್ದರೆ ದಾರಿ ತಪ್ಪುತ್ತದೆ.

ಫೋನಿನಲ್ಲಿ ಹಿಂದಿನ ಅಧ್ಯಾಯದ ತಿಂಗಳು ಹುಡುಕಲು ಹೋದರೆ ಓದುತ್ತಿದ್ದ ಜಾಗ ಕೈ ತಪ್ಪುತ್ತಿತ್ತು. 'ಟೆರರ್' ಹಡಗಿನ ಕ್ಯಾಪ್ಟನ್ ಕ್ರೋಜಿಯರ್ ಕತ್ತಲಲ್ಲಿ ಡೆಕ್ ಮೇಲೆ ನಿಂತಿರುವಾಗ ನಾನು ಪುಟ ಸರಿಸುತ್ತಾ ಕೂತರೆ ಭಯ ಎಲ್ಲಿ ಉಳಿಯಬೇಕು? ಕೊನೆಗೆ ಹಳೆಯ ಪೇಪರ್‌ಬ್ಯಾಕ್ ತರಿಸಿದೆ. ಅಕ್ಷರ ಚಿಕ್ಕದು, ಪುಸ್ತಕ ದಪ್ಪ, ಮಲಗಿ ಓದಿದರೆ ಕೈ ಸೋಲುತ್ತದೆ. ಆದರೂ ಒಂದು ಚೀಟಿಯಲ್ಲಿ ಅಧ್ಯಾಯದ ತಿಂಗಳು, ವರ್ಷ ಬರೆದು ಒಳಗಿಟ್ಟುಕೊಂಡ ಮೇಲೆ ಎಲ್ಲ ಸಲೀಸಾಯಿತು. ಕರೆಂಟು ಹೋದ ರಾತ್ರಿ ಟಾರ್ಚ್ ಹಿಡಿದೂ ಓದಿದೆ.

ದುಡ್ಡು ಹಾಕದೆ ರುಚಿ ನೋಡಬೇಕೆಂದರೆ 'ಡ್ರಾಕುಲಾ' (1897) ಕಾದಂಬರಿಯ ಏಳನೇ ಅಧ್ಯಾಯ ಸಾಕು. ಕಪ್ಪು ಸಮುದ್ರದ ವಾರ್ನಾ ಬಂದರಿನಿಂದ ಹೊರಟ 'ಡಿಮೀಟರ್' ಹಡಗಿನ ಕ್ಯಾಪ್ಟನ್‌ನ ದಿನಚರಿ ಅದರಲ್ಲಿದೆ. ಕಾಪಿರೈಟ್ ಅವಧಿ ಮುಗಿದಿರುವುದರಿಂದ ಪುಕ್ಕಟೆ ಸಿಗುತ್ತದೆ.

ನನಗೆ ರಾತ್ರಿ ಸ್ವಲ್ಪ ಸ್ವಲ್ಪವೇ, ನಿಧಾನಕ್ಕೆ ಓದುವ ಅಭ್ಯಾಸ. ಅದಕ್ಕೆ ಸಿಮನ್ಸ್ ಸರಿ. ಬಸ್ಸಿನಲ್ಲಿ ಮಂಗಳೂರಿಗೆ ಹೋಗಿಬರುತ್ತಾ ಓದುವವರು ಟರ್ಟನ್ ತೆಗೆದುಕೊಳ್ಳಿ, ಅದು ಫೋನಿನಲ್ಲೂ ಸುಮ್ನೆ ಓಡುತ್ತದೆ. 'ದಿ ಟೆರರ್' ಮಾತ್ರ ಹಳೆಯ ಪ್ರತಿಯಾದರೂ ಪರವಾಗಿಲ್ಲ, ಕಾಗದದ್ದೇ ಕೊಳ್ಳಿ.