ಮರಳು ನೊಣ ಹಿಡಿಯೋಕೆ ಯಾವುದು ಸರಿ? ಲೈಟ್ ಟ್ರ್ಯಾಪ್, ಎಣ್ಣೆ ಕಾಗದ, ಹೀರುಗೊಳವೆ

ಬಿಹಾರದ ವೈಶಾಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ನನ್ನ ಮೊದಲ ವಾರ ಪೂರ್ತಿ ಸೊನ್ನೆ. ನಾಲ್ಕು ಮನೆಗಳಲ್ಲಿ ನಾಲ್ಕು ಲೈಟ್ ಟ್ರ್ಯಾಪ್ ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಚೀಲದ ತುಂಬ ಸೊಳ್ಳೆ, ಪತಂಗ, ಒಂದೆರಡು ಜೀರುಂಡೆ. ಮರಳು ನೊಣ ಮಾತ್ರ ಒಂದೂ ಇಲ್ಲ. ಆ ಊರಿನಲ್ಲಿ ಹಿಂದಿನ ವರ್ಷ ಕಾಲಾ ಅಜಾರ್ ಬಂದಿತ್ತು, ಮರಳು ನೊಣ ಕಚ್ಚಿ ಹರಡುವ ಜ್ವರ ಅದು. ನೊಣವೇ ಇಲ್ಲದೆ ಕಾಯಿಲೆ ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಂಡೆ. ಐದನೇ ದಿನ ಚೀಲವನ್ನು ಬಿಸಿಲಿಗೆ ಹಿಡಿದಾಗ ಗೊತ್ತಾಯಿತು. ಸರಬರಾಜು ಮಾಡಿದವರು ಸೊಳ್ಳೆಗೆ ಹೊಲಿದ ಚೀಲವನ್ನೇ ಕಳಿಸಿದ್ದರು! ಮರಳು ನೊಣದ ಉದ್ದ 2-3 ಮಿಲಿಮೀಟರ್ ಅಷ್ಟೇ. ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಿನಲ್ಲಿ ಆರಾಮಾಗಿ ನುಸುಳುತ್ತದೆ. ರಾತ್ರಿ ಬಿದ್ದದ್ದೆಲ್ಲ ಬೆಳಗಾಗುವುದರೊಳಗೆ ಎದ್ದು ಹೋಗಿತ್ತು.

ನಾನು ಸಾಗರದ ಕಡೆಯವನು. ಅದಕ್ಕೂ ಮುಂಚೆ ಮಂಗನ ಕಾಯಿಲೆಯ ಸರ್ವೆಗೆ ಕಾಡಿನಲ್ಲಿ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯುತ್ತಿದ್ದೆ. ಅಲ್ಲಿ ಬಟ್ಟೆ ಎಳಿ, ಎಣಿಸು, ಮುಗೀತು. ಬಿಹಾರದಲ್ಲಿ ಹಾಗಲ್ಲ. ಒಂದೇ ಮನೆಗೆ ಮೂರು ಸಾಧನ ಹಾಕಿದರೆ ಮೂರು ಬೇರೆ ಲೆಕ್ಕ ಬರುತ್ತದೆ. ಯಾವುದನ್ನು ನಂಬಬೇಕು? ಎರಡು ಹಂಗಾಮು ಮೂರನ್ನೂ ಬಳಸಿ ನೋಡಿದ ಮೇಲೆ ನನಗೆ ಅನ್ನಿಸಿದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನೊಣದ ಬಗ್ಗೆ ಎರಡು ಮಾತು. ಹೆಸರು ಮರಳು ನೊಣ, ಅಲ್ಲಿಯವರ ಬಾಯಲ್ಲಿ ಬಾಲೂ ಮಕ್ಖಿ. ಮರಳಿಗೂ ಇದಕ್ಕೂ ಬಣ್ಣ ಬಿಟ್ಟರೆ ಸಂಬಂಧ ಇಲ್ಲ. ನಿಂತ ನೀರೂ ಇದಕ್ಕೆ ಬೇಡ. ಮೊಟ್ಟೆ ಇಡುವುದು ತೇವದ ಮಣ್ಣಿನಲ್ಲಿ: ಸಗಣಿ, ಗಂಜಲ, ಕೊಳೆತ ಹುಲ್ಲು ಬೆರೆತ ಕೊಟ್ಟಿಗೆಯ ನೆಲ, ಗೋಡೆಯ ಬುಡದ ಬಿರುಕು. ಕಾಲಾ ಅಜಾರ್ ಹರಡುವ ಜಾತಿಯ ಹೆಸರು ಫ್ಲೆಬೋಟಮಸ್ ಅರ್ಜೆಂಟಿಪಿಸ್, ಅಂದರೆ ಬೆಳ್ಳಿಕಾಲಿನದು. ಟಾರ್ಚ್ ಬೆಳಕಿನಲ್ಲಿ ಕಾಲು ನಿಜಕ್ಕೂ ಹೊಳೆಯುತ್ತದೆ. ಕಚ್ಚುವುದು ಹೆಣ್ಣು ಮಾತ್ರ.

ಲೈಟ್ ಟ್ರ್ಯಾಪ್‌ನಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರಿಗೂ ಮೊದಲು ಬೇಕಾಗುವುದು ಅದೇ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ಮಾದರಿಯದು. 6 ವೋಲ್ಟ್ ಬ್ಯಾಟರಿ, ಚಿಕ್ಕ ಬಲ್ಬು, ಅದರ ಕೆಳಗೆ ಪುಟ್ಟ ಫ್ಯಾನು, ಫ್ಯಾನಿನ ಕೆಳಗೆ ಚೀಲ. ಬೆಳಕಿಗೆ ಬಂದದ್ದನ್ನು ಫ್ಯಾನು ಕೆಳಕ್ಕೆ ಎಳೆದು ಚೀಲಕ್ಕೆ ತಳ್ಳುತ್ತದೆ. ಸಂಜೆ ಆರಕ್ಕೆ ಹಾಕಿ, ಬೆಳಗ್ಗೆ ಆರಕ್ಕೆ ತೆಗಿ. ಮಧ್ಯೆ ನೀವು ಮಲಗಬಹುದು, ಇದೇ ದೊಡ್ಡ ಸುಖ. ಮರಳು ನೊಣ ನೆಲಕ್ಕೆ ಹತ್ತಿರವೇ ಕುಪ್ಪಳಿಸಿಕೊಂಡು ಹಾರುತ್ತದೆ. ಅದಕ್ಕೇ ಟ್ರ್ಯಾಪನ್ನು ಸೊಳ್ಳೆಗೆ ಕಟ್ಟುವಷ್ಟು ಎತ್ತರಕ್ಕೆ ಕಟ್ಟಬಾರದು. ಒಂದು ಮೊಳ ಎತ್ತರ, ಗೋಡೆಗೆ ಹತ್ತಿರ, ಮೂಲೆಯಲ್ಲಿ. ಚೀಲದ ಒಳಗೆ ಒದ್ದೆ ಹತ್ತಿ ಇಡದಿದ್ದರೆ ನೊಣ ಒಣಗಿ ಸಾಯುತ್ತದೆ. ಕಟ್ಟಿದ ದಾರಕ್ಕೆ ಗ್ರೀಸ್ ಹಚ್ಚದಿದ್ದರೆ ಇರುವೆ ಇಳಿದು ಬಂದು ನಿಮ್ಮ ಸರ್ವೆಯನ್ನೇ ತಿಂದು ಹೋಗುತ್ತದೆ. ನನ್ನ ಒಂದು ರಾತ್ರಿಯ ಪಾಲು ಹಾಗೇ ಹೋಯಿತು, ಚೀಲದಲ್ಲಿ ರೆಕ್ಕೆ ಮಾತ್ರ ಉಳಿದಿತ್ತು.

ತೊಂದರೆ ಏನೆಂದರೆ ಬ್ಯಾಟರಿ. ಕರೆಂಟು ಹೋಗಿ ಬಂದು ಆಡುವ ಊರಿನಲ್ಲಿ ಹತ್ತು ಬ್ಯಾಟರಿ ಚಾರ್ಜ್ ಮಾಡುವುದೇ ಒಂದು ನೌಕರಿ. ಅರ್ಧ ಚಾರ್ಜ್ ಆದ ಬ್ಯಾಟರಿ ರಾತ್ರಿ ಎರಡಕ್ಕೆ ಸುಸ್ತಾಗುತ್ತದೆ. ಫ್ಯಾನು ನಿಂತರೆ ಒಳಗಿದ್ದ ನೊಣ ಮೇಲಿನಿಂದ ಹೊರಗೆ. ಹುಣ್ಣಿಮೆಯ ಆಸುಪಾಸಿನಲ್ಲಿ ಅಂಗಳದ ಟ್ರ್ಯಾಪ್‌ಗೆ ನೊಣ ಬೀಳುವುದೂ ಕಡಿಮೆ, ಚಂದ್ರನ ಮುಂದೆ ಆ ಬಲ್ಬು ಎಷ್ಟರದು? ಜೊತೆಗೆ ಮನೆಯವರ ನಿದ್ದೆ. ಒಬ್ಬ ಅಜ್ಜ ಪಾಪ, ಬೆಳಕು ಕಣ್ಣಿಗೆ ಹೊಡೆಯುತ್ತೆ ಅಂತ ಟ್ರ್ಯಾಪ್‌ಗೆ ಗೋಣಿಚೀಲ ಹೊದಿಸಿ ಮಲಗಿದ್ದರು.

ಎಣ್ಣೆ ಕಾಗದ ಇದರ ಪೂರ್ತಿ ವಿರುದ್ಧ. ಎ-4 ಹಾಳೆಯನ್ನು ಹರಳೆಣ್ಣೆಯಲ್ಲಿ ಅದ್ದಿ, ಸೋರಿಸಿ, ಗೋಡೆಯ ಬಿರುಕಿನ ಬಾಯಿಗೆ, ಇಲಿ ಬಿಲದ ಪಕ್ಕ, ಕೊಟ್ಟಿಗೆಯ ಮೂಲೆಗೆ ನಿಲ್ಲಿಸುವುದು. ಕರೆಂಟು ಬೇಡ, ಖರ್ಚಿಲ್ಲ, ಕಳ್ಳರಿಗೂ ಬೇಡ. ಬೆಳಕು, ವಾಸನೆ ತೋರಿಸಿ ಕರೆಯುವುದಿಲ್ಲ. ಆ ದಾರಿಯಲ್ಲಿ ಹೋದ ನೊಣ ಅಂಟಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಯಾವ ಬಿರುಕಿನಿಂದ ನೊಣ ಹೊರಬರುತ್ತಿದೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಕೊಟ್ಟಿಗೆಯಲ್ಲಿ ಮೇವು ಕತ್ತರಿಸಿದ ದಿನ ಹಾಳೆಯ ಮೇಲೆ ನೊಣಕ್ಕಿಂತ ಹೊಟ್ಟು ಜಾಸ್ತಿ. ಹಲ್ಲಿಗೆ ಅದು ಬಡಿಸಿಟ್ಟ ತಟ್ಟೆ. ಅಂಟಿದ ನೊಣವನ್ನು ಬ್ರಷ್ಷಿನಿಂದ ಎಬ್ಬಿಸಿ ಆಲ್ಕೋಹಾಲ್‌ನಲ್ಲಿ ತೊಳೆದರೆ ಹರಳೆಣ್ಣೆ ಬಿಡುತ್ತದೆ, ನಿಜ. ಅಷ್ಟರಲ್ಲಿ ಕಾಲು, ರೋಮ ಅರ್ಧ ಹೋಗಿರುತ್ತವೆ. ಜೀವಂತ ನೊಣ ಬೇಕಿದ್ದರಂತೂ ಇದನ್ನು ಮರೆತುಬಿಡಿ.

ನನ್ನ ಹಾಳೆಗಳಿಗೆ ಸರ್ಜೆಂಟೋಮೈಯಾ ಗುಂಪಿನ ನೊಣಗಳೇ ಹೆಚ್ಚು ಅಂಟಿದ್ದವು. ಅವುಗಳ ಮುಖ್ಯ ಊಟ ಹಲ್ಲಿಯಂಥ ಪ್ರಾಣಿಗಳ ರಕ್ತ. ಕಾಲಾ ಅಜಾರ್ ಲೆಕ್ಕಕ್ಕೆ ಬಾರದವು ಅಂತ ಮೊದಮೊದಲು ಎಸೆಯುತ್ತಿದ್ದೆ. ಆಮೇಲೆ ಹಿರಿಯರೊಬ್ಬರು ಬೈದರು. ಮಕ್ಕಳಲ್ಲಿ ಮೆದುಳು ಜ್ವರ ತರುವ ಚಂಡೀಪುರ ವೈರಸ್ ಕರೀಂನಗರದಲ್ಲಿ ಪತ್ತೆಯಾದದ್ದು ಇದೇ ಗುಂಪಿನ ನೊಣದಲ್ಲಿ. ಈಗ ಎಸೆಯುವುದಿಲ್ಲ, ಬೇರೆ ಸೀಸೆಗೆ ಹಾಕುತ್ತೇನೆ.

ಇನ್ನು ಹೀರುಗೊಳವೆ. ನಮ್ಮಲ್ಲಿ ಒಲೆ ಊದೋಕೆ ಊದುಗೊಳವೆ ಇರುತ್ತಲ್ವಾ, ಇದು ಅದರ ಉಲ್ಟಾ. ಒಂದು ಗಾಜಿನ ಕೊಳವೆ, ಅದಕ್ಕೆ ರಬ್ಬರ್ ಟ್ಯೂಬು, ಎರಡೂ ಸೇರುವಲ್ಲಿ ನಯವಾದ ಬಲೆ. ಟ್ಯೂಬನ್ನು ಬಾಯಲ್ಲಿ ಕಚ್ಚಿ, ಗೋಡೆ ಮೇಲೆ ಕೂತ ನೊಣದ ಹತ್ತಿರ ಗಾಜಿನ ತುದಿ ಒಯ್ದು ಚುಟುಕಾಗಿ ಉಸಿರು ಎಳೆಯುವುದು. ಇಲಾಖೆಯವರು ಸಕ್ಕಿಂಗ್ ಟ್ಯೂಬ್ ಅನ್ನುತ್ತಾರೆ. ನಸುಕಿನಲ್ಲಿ ಎದ್ದು, ಇನ್ನೂ ಹಾಸಿಗೆ ಬಿಡದ ಮನೆಯ ಬಾಗಿಲು ತಟ್ಟಿ, "ಚಾಚೀ, ಒಳಗೆ ಬರಲಾ?" ಅಂತ ಕೇಳಬೇಕು. ಮೂರರಲ್ಲಿ ಅತಿ ಕಷ್ಟದ್ದು ಇದೇ.

ಮೊದಲ ದಿನ ನನಗೆ ಕಾಣಿಸಿದ್ದು ಬರೀ ಗೋಡೆ. ಜೊತೆಗಿದ್ದ ಇನ್ಸೆಕ್ಟ್ ಕಲೆಕ್ಟರ್ ಅಣ್ಣ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರು. ಟಾರ್ಚನ್ನು ಗೋಡೆಗೆ ನೇರ ಹಿಡಿಯಬೇಡ, ಗೋಡೆಯ ಉದ್ದಕ್ಕೆ ಓರೆಯಾಗಿ ಹಿಡಿ ಅಂದರು. ಹಿಡಿದೆ. ಬಿದಿರಿನ ತಡಿಕೆಗೆ ಮೆತ್ತಿದ ಮಣ್ಣಿನ ಮೇಲೆ, ನೆಲದಿಂದ ಗೇಣು ಎತ್ತರದಲ್ಲಿ, ಚಿಕ್ಕದೊಂದು ನೆರಳು ಉದ್ದವಾಗಿ ಬಿತ್ತು. ರೋಮ ತುಂಬಿದ ಗೂನು ಬೆನ್ನು, ಇಂಗ್ಲಿಷಿನ ವಿ ಅಕ್ಷರದ ಹಾಗೆ ಮೇಲಕ್ಕೆತ್ತಿದ ಎರಡು ರೆಕ್ಕೆ. ಹೊಟ್ಟೆ ಕುಂಕುಮದ ಕಾಳಿನಂತೆ ಕೆಂಪಗೆ ಉಬ್ಬಿತ್ತು. ಆ ರಾತ್ರಿಯೇ ಯಾರದೋ ರಕ್ತ ಕುಡಿದು ಬಂದ ಹೆಣ್ಣು. ಪಕ್ಕದಲ್ಲಿ ಎಮ್ಮೆ ಇತ್ತು, ಅದರಾಚೆ ಮಂಚದಲ್ಲಿ ಎರಡು ಮಕ್ಕಳು ಮಲಗಿದ್ದವು.

ಟ್ಯೂಬಿನ ಬೆಲೆ ನನಗೆ ಅರ್ಥವಾದದ್ದು ಆಗ. ಲೈಟ್ ಟ್ರ್ಯಾಪ್‌ಗೆ ಬೀಳುವುದು ಬಹುಪಾಲು ಗಂಡು ಮತ್ತು ಹಸಿದ ಹೆಣ್ಣು. ರಕ್ತ ಕುಡಿದು ಭಾರವಾದ ಹೆಣ್ಣು ಬೆಳಕಿಗೆ ಅಷ್ಟಾಗಿ ಬರುವುದಿಲ್ಲ, ಹತ್ತಿರದ ಗೋಡೆಗೆ ಕೂತು ಜೀರ್ಣ ಮಾಡಿಕೊಳ್ಳುತ್ತದೆ. ನೊಣ ಸಾಯಿಸುವ ಔಷಧಿ ಹೊಡೆಯುವುದು ಆ ಗೋಡೆಗೇ ತಾನೆ? ಹಾಗಾದರೆ ನಾವು ನೋಡಬೇಕಾದ್ದೂ ಗೋಡೆಯನ್ನೇ. ಔಷಧಿಗೆ ನೊಣ ಸಾಯುತ್ತದೋ ಇಲ್ಲವೋ ಪರೀಕ್ಷಿಸಲು ಜೀವಂತ ಹೆಣ್ಣು ಬೇಕು. ಔಷಧಿ ಸವರಿದ ಕಾಗದದ ಕೊಳವೆಯಲ್ಲಿ ಒಂದು ಗಂಟೆ ಬಿಟ್ಟು, 24 ಗಂಟೆಯ ನಂತರ ಸತ್ತದ್ದನ್ನು ಎಣಿಸುತ್ತಾರೆ. ಬಿಹಾರದಲ್ಲಿ ಡಿಡಿಟಿಗೆ ನೊಣ ಬಗ್ಗುತ್ತಿಲ್ಲ ಅಂತ ಗೊತ್ತಾಗಿ ಆಲ್ಫಾ ಸೈಪರ್ಮೆಥ್ರಿನ್ ಅನ್ನೋ ಬೇರೆ ಔಷಧಿಗೆ ಬದಲಾದದ್ದರ ಹಿಂದೆ ಇಂಥ ಪರೀಕ್ಷೆಗಳೇ ಇದ್ದವು. ಅದಕ್ಕೆ ಟ್ಯೂಬಿನಲ್ಲಿ ಮೆಲ್ಲಗೆ ಹಿಡಿದ ನೊಣವೇ ವಾಸಿ. ಫ್ಯಾನಿನ ಹೊಡೆತ ತಿಂದದ್ದು ಸುಮ್ನೆ ಸತ್ತರೂ ಔಷಧಿಯ ಖಾತೆಗೆ ಹೋಗಿಬಿಡುತ್ತದೆ.

ಲೆಕ್ಕವೂ ಸರಳ. ಇಬ್ಬರು, ನಾಲ್ಕು ಮನೆ, ಮನೆಗೆ 15 ನಿಮಿಷ ಅಂದರೆ ಒಟ್ಟು ಎರಡು ಗಂಟೆಯ ದುಡಿಮೆ. 18 ನೊಣ ಸಿಕ್ಕರೆ ಗಂಟೆಗೆ 9. ಇದರ ದೊಡ್ಡ ದೋಷವೂ ಇಲ್ಲೇ ಇದೆ. ಅದೇ ಮನೆಯಲ್ಲಿ ಅದೇ 15 ನಿಮಿಷಕ್ಕೆ ಅಣ್ಣನಿಗೆ ಹನ್ನೊಂದು ಸಿಕ್ಕರೆ ನನಗೆ ಮೂರು. ಆ ಮನೆಯ ಅಂಕಿ ಯಾವುದು ಹಾಗಾದರೆ? ಈ ತಿಂಗಳು ಅವರು, ಮುಂದಿನ ತಿಂಗಳು ನಾನು ಹಿಡಿದರೆ ನೊಣ ಕಡಿಮೆಯಾಯಿತು ಅಂತ ವರದಿ ಹೋಗುತ್ತದೆ. ಲೈಟ್ ಟ್ರ್ಯಾಪ್‌ಗೆ ಈ ಕೈಗುಣದ ಹಂಗಿಲ್ಲ.

ಮೂರರ ಜಗಳ ಜೋರಾದದ್ದು ಔಷಧಿ ಹೊಡೆದ ಮೇಲೆ. ಟ್ಯೂಬಿನಲ್ಲಿ ಸೊನ್ನೆ ಬಂತು, ಎಲ್ಲರಿಗೂ ಖುಷಿ. ಅದೇ ರಾತ್ರಿ ಅದೇ ಮನೆಯ ಲೈಟ್ ಟ್ರ್ಯಾಪ್‌ನಲ್ಲಿ ಐದು ನೊಣ. ಎರಡೂ ಸುಳ್ಳಲ್ಲ. ಔಷಧಿ ಬಿದ್ದದ್ದು ಗೋಡೆಯ ಆರಡಿ ಎತ್ತರದವರೆಗೆ. ಮೇಲೆ ಹುಲ್ಲಿನ ಸೂರು ಹಾಗೇ ಇತ್ತು. ನನ್ನ ಟ್ಯೂಬೂ ಆರಡಿಗಿಂತ ಮೇಲೆ ಮುಟ್ಟುವುದಿಲ್ಲ. ಅಂದರೆ ಔಷಧಿ ಹೊಡೆದ ಜಾಗವನ್ನು ಮಾತ್ರ ನೋಡಿ, ಅಲ್ಲಿ ನೊಣ ಇಲ್ಲ ಅಂತ ನಾನು ಬರೆದುಕೊಂಡಿದ್ದೆ. ಮಾರನೇ ದಿನ ಸೂರಿನ ಬಿದಿರಿಗೆ ಆರು ಎಣ್ಣೆ ಕಾಗದ ಕಟ್ಟಿದೆ. ಎರಡಕ್ಕೆ ನೊಣ ಅಂಟಿತು.

ಒಂದೇ ಸಾಧನ ಒಯ್ಯಲು ಜಾಗ ಇದೆ ಅಂದರೆ ನಾನು ಟ್ಯೂಬ್ ಹಾಕಿಕೊಳ್ಳುತ್ತೇನೆ, ಬೈದುಕೊಂಡಾದರೂ. ಆದರೆ ಆ ಹಂಗಾಮು ಪೂರ್ತಿ ಒಬ್ಬರೇ ಹಿಡಿಯಬೇಕು. ಹಳ್ಳಿಯಿಂದ ಹಳ್ಳಿಗೆ, ತಿಂಗಳಿಂದ ತಿಂಗಳಿಗೆ ಹೋಲಿಸುವುದಿದ್ದರೆ ಲೈಟ್ ಟ್ರ್ಯಾಪ್, ಮಾತೇ ಇಲ್ಲ. ಡಿಸೆಂಬರ್-ಜನವರಿಯ ಚಳಿಯಲ್ಲಿ ನೊಣ ತೀರಾ ಕಡಿಮೆ ಇರುವಾಗ ನಸುಕಿಗೆದ್ದು ಖಾಲಿ ಗೋಡೆ ನೋಡುವ ಬದಲು ನೂರು ಎಣ್ಣೆ ಕಾಗದ ಇಟ್ಟು ಬರುವುದು ವಾಸಿ.

ಟ್ಯೂಬಿಗೆ ಕೈ ಹಾಕುವವರು ಬಾಯಿಯ ತುದಿಗೆ ಒಳ್ಳೆಯ ಫಿಲ್ಟರ್ ಹಾಕಿಸಿಕೊಳ್ಳಿ, ಒಳಗಿನ ಬಲೆಯನ್ನು ದಿನಾ ತೊಳೆಯಿರಿ. ನಾನು ಎರಡನ್ನೂ ಮಾಡದೆ ಒಂದು ತಿಂಗಳು ಕೊಟ್ಟಿಗೆಯ ಧೂಳು, ನೊಣದ ರೋಮ ಎಲ್ಲ ಎಳೆದುಕೊಂಡೆ. ಆ ಚಳಿಗಾಲವಿಡೀ ಕೆಮ್ಮಿದೆ. ಚಾಚಿ ದಿನಾ ಶುಂಠಿ ಚಹಾ ಕೊಡುತ್ತಿದ್ದರು, ಬಾಗಿಲು ತಟ್ಟಿದ್ದಕ್ಕೆ ಗೊಣಗುತ್ತಲೇ.